ಶಿಫಾ ಮತ್ತು ಪೊರಕೆಯ ಹರಕೆ

ಶಿಫಾ ಸುಳ್ಳುಬುರುಕಿ, ಜಂಬಗಾತಿ, ಮೇಲಾಗಿ ಹೇಡಿ. ಐವತ್ತು ವರ್ಷಗಳಿಂದ ಅವಳನ್ನು ಬಲ್ಲೆ. ಮಾಡಿದ ಒಂದು ತಪ್ಪನ್ನಾದರೂ ತನ್ನದೆಂದು ಅವಳು ಒಪ್ಪಿಕೊಂಡದ್ದನ್ನು ಕಂಡಿಲ್ಲ.

ಅವಳ ಅಪ್ಪ ದಕ್ಷಿಣ ಸೈಪ್ರಸ್ಸಿನ ಲಾರ್ನಕಾದಲ್ಲಿ ಬಂದರಿನ ಬಳಿ ಕ್ಷೌರದಂಗಡಿ ಇಟ್ಟಿದ್ದ. ಒಳ್ಳೆಯ ಕೈ, ಕಡಿಮೆ ಮಾತು. ಮಗಳಿಗೆ ಎರಡೂ ಬರಲಿಲ್ಲ. ಎಪ್ಪತ್ತನಾಲ್ಕರ ಯುದ್ಧದಲ್ಲಿ ಸೈಪ್ರಸ್ ಎರಡು ಹೋಳಾಗಿ, ನಾವು ತುರ್ಕರೆಲ್ಲ ಮನೆಗೆ ಬೀಗ ಹಾಕಿ ಉತ್ತರಕ್ಕೆ ಬಂದು ನೆಲೆಸಿದೆವಲ್ಲ, ಆಮೇಲೆ ಆ ಕ್ಷೌರಿಕನಿಗೆ ಮಗಳ ಬಾಯಲ್ಲಿ ಬಡ್ತಿ ಸಿಗತೊಡಗಿತು. ಮೊದಲು ಬಟ್ಟೆ ವ್ಯಾಪಾರಿಯಾದ, ಆಮೇಲೆ ಜಮೀನುದಾರನಾದ, ಕೊನೆಗೆ ಹಲಾ ಸುಲ್ತಾನ್ ಎಂಬ ಪುಣ್ಯವತಿಯ ದರ್ಗಾವಾದ ಲಾರ್ನಕಾದ ಟೆಕ್ಕೆಯನ್ನು ನೋಡಿಕೊಳ್ಳುತ್ತಿದ್ದ ಶೇಖ್‌ಗಳ ವಂಶದವನೇ ಆಗಿಬಿಟ್ಟ. ನಿಜ ಗೊತ್ತಿದ್ದವರು ಒಬ್ಬೊಬ್ಬರಾಗಿ ಸತ್ತಂತೆ ವಂಶ ಬೆಳೆಯುತ್ತ ಹೋಯಿತು.

ದೃಷ್ಟಿ ತೆಗೆಯಲು ಒಣಗಿದ ಆಲಿವ್ ಎಲೆಯ ಹೊಗೆ ಹಾಕುವುದು ನಮ್ಮಲ್ಲಿ ಮನೆಮನೆಯ ರೂಢಿ. ಶಿಫಾ ಅದನ್ನೂ ತನ್ನ ಮನೆತನದ ವಿದ್ಯೆ ಮಾಡಿಕೊಂಡಳು. ಒಮ್ಮೆ ಬಾಣಂತಿಯೊಬ್ಬಳ ಕೋಣೆಯಲ್ಲಿ ಹೊಗೆ ಹಾಕಲು ಹೋಗಿ ಮದುವೆಯ ರೇಷ್ಮೆ ಹೊದಿಕೆ ಸುಟ್ಟಳು. "ನನ್ನ ಕೈ ತಪ್ಪಲ್ಲ, ಈ ಮನೆ ಮೇಲೆ ಬಿದ್ದಿರೋ ಕಣ್ಣೇ ಅಂಥಾದ್ದು! ಹೊದಿಕೆ ಹೋಯ್ತು ಅಂತ ಅಳೋ ಬದ್ಲು ಮಗು ಉಳೀತು ಅಂತ ನಗ್ರಿ," ಎಂದಳು. ಆ ಮನೆಯವರು ಅವಳಿಗೆ ಒಂದು ತಟ್ಟೆ ಸಿಹಿ ಕೊಟ್ಟು ಕಳಿಸಿದರು. ಮೂರ್ಖರಿಲ್ಲದೆ ಇಂಥವರು ಬಾಳುವುದಿಲ್ಲ.

ಮೂವತ್ತು ವರ್ಷದ ಮೇಲೆ ಗಡಿ ತೆರೆಯಿತು. ದಕ್ಷಿಣಕ್ಕೆ, ಟೆಕ್ಕೆಗೆ, ಹೆಂಗಸರ ಬಸ್ಸುಗಳು ಹೊರಟವು. ಪ್ರತಿ ಬಸ್ಸಿನ ಮುಂದಿನ ಸೀಟು ಶಿಫಾಳದು.

ಗಡಿ ತೆರೆದ ಮರುವರ್ಷ ಮಾರ್ಚಿನಲ್ಲಿ ನಾನು ಹೋದದ್ದು ಭಕ್ತಿಯಿಂದಲ್ಲ, ನೆರೆಯ ಪೆಂಬೆಗಾಗಿ. ಪೆಂಬೆಗೆ ಎಪ್ಪತ್ತೆರಡು. ಕಣ್ಣಿಗೆ ಪೊರೆ, ಮುಂದಿನ ಮಂಗಳವಾರ ಹೃದಯದ ಶಸ್ತ್ರಚಿಕಿತ್ಸೆ. ಹರೆಯದಲ್ಲಿ ಅವಳ ಮಗನಿಗೆ ವಿಷಮಶೀತ ಜ್ವರ ಬಂದಾಗ, ಮಗು ಬದುಕಿದರೆ ಹಲಾ ಸುಲ್ತಾನರ ಗೋರಿಯ ಸುತ್ತ ಕೈಯಾರೆ ಗುಡಿಸುತ್ತೇನೆಂದು ಹರಸಿಕೊಂಡಿದ್ದಳು. ಮಗು ಬದುಕಿತು. ಆಗ ಟೆಕ್ಕೆ ಅವಳ ಲಾರ್ನಕಾದ ಮನೆಯಿಂದ ಒಂದು ಗಂಟೆಯ ನಡಿಗೆ. ಅಷ್ಟು ಹತ್ತಿರ ಇರುವುದಕ್ಕೆ ಅವಸರವೇನು? ಆಲಿವ್ ಕೊಯ್ಲು ಮುಗಿಯಲಿ, ಹಬ್ಬ ಕಳೆಯಲಿ, ಮಳೆ ನಿಲ್ಲಲಿ ಎಂದು ಹತ್ತು ವರ್ಷ ತಳ್ಳಿದಳು. ಲಾರ್ನಕಾದವರೆಲ್ಲ ಹಾಗೆಯೇ, ದೂರದ ಹಜ್‌ಗೆ ಹಣ ಕೂಡಿಡುತ್ತಿದ್ದರು, ಹಿತ್ತಲಿನ ಪುಣ್ಯಕ್ಷೇತ್ರವನ್ನು ನಾಳೆಗೆ ಇಡುತ್ತಿದ್ದರು. ಅಷ್ಟರಲ್ಲಿ ನಡುವೆ ಮುಳ್ಳುತಂತಿ ಬಂತು. ಈಗ ಆ ಮಗು ಹೊಟ್ಟೆ ಬಂದ ತಾತ.

"ಹರಕೆ ತೀರಿಸ್ದೆ ನಾನು ಆ ಮೇಜಿನ ಮೇಲೆ ಮಲಗಲ್ಲ. ಮಲಗಿದ್ರೆ ಏಳಲ್ಲ," ಎಂದು ಪೆಂಬೆ ಪಟ್ಟು ಹಿಡಿದಿದ್ದಳು.

ಬಸ್ಸಿನಲ್ಲಿ ಶಿಫಾ ಹಲ್ಲೂಮಿ ಚೀಸ್ ತುಂಬಿದ ರೊಟ್ಟಿ ಕಚ್ಚುತ್ತ ಹಿಂದಕ್ಕೆ ತಿರುಗಿ ಕೂತಳು. "ಪೆಂಬಕ್ಕಾ, ನೀನು ಯಾಕೆ ಹೆದರ್ತಿ? ಅಲ್ಲಿ ಕಾವಲಿನವನು ನಮ್ಮನೆ ಹುಡುಗ ಇದ್ದಂಗೆ. ನಾನು ಕಣ್ಣು ಮಿಟುಕಿಸಿದ್ರೆ ಬಾಗಿಲು ತೆಗೀತಾನೆ."

"ಹೆಸರೇನು ಅವನದು?" ಎಂದೆ.

"ಹೆಸರು ಹಿಡಿದು ಕರೆಯೋಷ್ಟು ದೂರದವನಲ್ಲ, ಟೀಚರಮ್ಮ."

ಹೆಂಗಸರು ನಕ್ಕರು. ಉತ್ತರ ಚೆನ್ನಾಗಿತ್ತು, ಒಪ್ಪುತ್ತೇನೆ.

ಉಪ್ಪಿನ ಸರೋವರದ ದಡದಲ್ಲಿ ಬಸ್ಸು ನಿಂತಿತು. ಮಸೀದಿಯ ಹಿಂದಿನ ಗೋರಿಯ ಕೋಣೆಯ ಬಾಗಿಲಲ್ಲಿ ಕಾವಲುಗಾರ ಶಿಫಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀವು ಯಾರಮ್ಮ?" ಎಂದ.

"ನಾನಾ? ಶೇಖ್ ಮನೆತನದವಳು!"

"ಶೇಖ್ ಮನೆತನದವರು ವಾರಕ್ಕೆ ನಾಲ್ಕು ಜನ ಬರ್ತಾರೆ. ಚಪ್ಪಲಿ ಅಲ್ಲಿ ಬಿಡಿ."

ನನಗೆ ಬಂದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಪೆಂಬೆಯ ಹೊಸ ಪೊರಕೆ ಕಂಡು ಅವನು ಮೆತ್ತಗಾದ. "ಗುಡಿಸ್ಲಿ ಅಜ್ಜಿ, ಬೇಡ ಅನ್ನಲ್ಲ. ಆದ್ರೆ ಬೆಳಿಗ್ಗೆ ತಾನೇ ಯಂತ್ರ ಹಾಕಿ ಒರೆಸಿದೀನಿ. ಒಂದು ಕೂದಲೂ ಸಿಗಲ್ಲ." ಹಾಗೆಂದು ಬೇರೆ ಗುಂಪನ್ನು ನೋಡಲು ಹೋದ.

ಪೆಂಬೆ ಮಂಡಿಯೂರಿ ಗೋರಿಯ ಸುತ್ತ ಗುಡಿಸಿದಳು. ಎರಡು ಮೊಳಕ್ಕೊಮ್ಮೆ ನಿಲ್ಲಿಸಿ, ಪೊರಕೆಯ ಮುಂದೆ ಅಂಗೈ ಆಡಿಸಿ ನೋಡುತ್ತಿದ್ದಳು. ಗುಡಿಸಿದ ಧೂಳನ್ನು ಮಡಿಲಲ್ಲಿ ಹೊತ್ತು ಹೊರಗಿನ ಮರದ ಬುಡಕ್ಕೆ ಸುರಿದರೇ ಹರಕೆ ಸಂದಂತೆ ಎಂಬುದು ಹಳಬರ ನಂಬಿಕೆ. ಒಂದು ಸುತ್ತು ಮುಗಿಯಿತು. ಅಂಗೈಗೆ ಏನೂ ಹತ್ತಲಿಲ್ಲ.

"ಏನೂ ಇಲ್ಲ ಕಣ್ರೇ. ಸುಲ್ತಾನಮ್ಮ ನನ್ನ ಕೈಯಿಂದ ತಗೊಳ್ಳಲ್ಲ ಅಂತಾಳೆ."

"ನೀನು ಹರಸಿಕೊಂಡದ್ದು ಗುಡಿಸುತ್ತೇನೆ ಅಂತ. ಗುಡಿಸಿದ್ದೀಯ. ಧೂಳಿನ ಮಾತು ಅದರಲ್ಲಿ ಇರಲಿಲ್ಲ," ಎಂದೆ.

"ಧೂಳಿಲ್ದೆ ಗುಡಿಸೋದು ನೀರಿಲ್ದೆ ಈಜೋದು ಎರಡೂ ಒಂದೇ, ಟೀಚರ್. ನಲವತ್ತು ವರ್ಷ ತಡ ಮಾಡ್ದೆ. ಸಿಟ್ಟು ಬಂದಿದೆ ಅವಳಿಗೆ." ಅವಳು ಪೊರಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅಳಲಿಲ್ಲ. "ಮಂಗಳವಾರ ಬರಲ್ಲ ಅಂತ ಡಾಕ್ಟ್ರಿಗೆ ನೀನೇ ಫೋನ್ ಮಾಡ್ಬಿಡು."

ಡಾಕ್ಟರು ಹೇಳಿದ್ದನ್ನೆಲ್ಲ ನೆನಪಿಸಿದೆ. ಕವಾಟ, ರಕ್ತ, ಬೇಸಿಗೆ ದಾಟುವುದಿಲ್ಲ ಎಂದದ್ದು. ಅವಳು ಪೊರಕೆಯ ಕಡ್ಡಿಗಳನ್ನು ಒಂದೊಂದಾಗಿ ಸರಿಮಾಡುತ್ತ ಕೂತಳು.

"ಅಯ್ಯೋ, ಒಳಗೆ ಸೆಕೆ," ಎಂದು ಶಿಫಾ ಎದ್ದು ಹೊರಟಳು. ಉಳಿದ ರೊಟ್ಟಿಯ ನೆನಪಾಗಿರಬೇಕು ಎಂದುಕೊಂಡೆ. ಊರಿಗೆಲ್ಲ ಆಸೆ ಹುಟ್ಟಿಸಿ, ಕೆಲಸ ಕೆಟ್ಟ ಗಳಿಗೆಯಲ್ಲಿ ಜಾರಿಕೊಳ್ಳುವುದು ಅವಳ ಹಳೆಯ ಚಾಳಿ.

ಐದು ನಿಮಿಷಕ್ಕೆ ಮರಳಿ ಬಂದಳು. ಎರಡೂ ಕೈ ಕೋಟಿನ ಜೇಬಿನಲ್ಲಿ. ಪೆಂಬೆಯ ಬೆನ್ನ ಹಿಂದಿನಿಂದ ಗೋರಿಯ ಆ ಬದಿಗೆ ಹೋಗಿ ಬಗ್ಗಿದಳು. ಜೇಬಿನಿಂದ ಬಂದದ್ದು ಮಣ್ಣು. ಗುಲಾಬಿ ಪಾತಿಯ ಒದ್ದೆ ಮಣ್ಣು, ಬೇರಿನ ಚೂರು ಸಮೇತ. ಹಿಡಿಹಿಡಿಯಾಗಿ ಮೂಲೆಗೆ ಉದುರಿಸಿ, ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟಳು.

"ಪೆಂಬಕ್ಕಾ, ಈ ಮೂಲೆ ಗುಡಿಸ್ದಂಗೆ ಕಾಣಲ್ಲ. ಅರ್ಧ ಕೆಲಸಕ್ಕೆ ಪೂರ್ತಿ ಪುಣ್ಯ ಬೇಕಾ ನಿಂಗೆ?"

"ಎಲ್ಲಾ ಗುಡಿಸಿದೀನಿ ಕಣೇ."

"ಇನ್ನೊಂದ್ಸಲ ಗುಡಿಸು ಮಾರಾಯ್ತಿ, ಪೊರಕೆ ಸವೆಯುತ್ತಾ?"

ಪೆಂಬೆ ಮಂಡಿಯಲ್ಲೇ ಸರಿದಳು. ಪೊರಕೆ ಕರಕರ ಎಂದಿತು. ಅವಳ ಕೈ ನಿಂತಿತು. ಅಂಗೈ ಚಾಚಿದಳು, ಬೆರಳ ನಡುವೆ ಉಜ್ಜಿ ನೋಡಿದಳು. ಆಮೇಲೆ ಅಷ್ಟನ್ನೂ ಬಳಿದು ಮಡಿಲಿಗೆ ಹಾಕಿಕೊಂಡು, ನನ್ನ ಕೈಯನ್ನು ಕೂಡ ಕೇಳದೆ, ಗೋಡೆ ಹಿಡಿದು ಹೊರಗೆ ಹೋದಳು.

ಒದ್ದೆ ಮಣ್ಣು ಪೊರಕೆಗೆ ಪೂರ್ತಿ ಬರುವುದಿಲ್ಲ. ನೆಲದ ಮೇಲೆ ಕಂದು ಗೆರೆಗಳು ಉಳಿದಿದ್ದವು. ಕಾವಲುಗಾರ ಬಂದು ನೋಡಿದ. ಅವನ ಹಿಂದೆ ಬಸ್ಸಿನ ಹೆಂಗಸರೆಲ್ಲ.

"ಬೆಳಿಗ್ಗೆ ಒರೆಸಿದ ನೆಲ! ಯಾರದ್ದು ಈ ಕೆಲಸ? ಆ ಅಜ್ಜಿದಾ?"

ಪೆಂಬೆ ಬಾಗಿಲಾಚೆ ಹತ್ತು ಹೆಜ್ಜೆಯಲ್ಲಿದ್ದಳು. ನಾನು ಏನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ಶಿಫಾ, "ನಂದು," ಎಂದಳು. "ತೋಟದಲ್ಲಿ ತಿರುಗಿ ಕಾಲು ತೊಳೀದೆ ಬಂದೆ."

"ಶೇಖ್ ಮನೆತನ ಅಂದ್ರಿ ಆಗ! ದನದ ಕೊಟ್ಟಿಗೆಗೂ ಹೀಗೆ ಯಾರೂ ನುಗ್ಗಲ್ಲ. ನಾಚಿಕೆ ಆಗಲ್ವಾ ಇಷ್ಟು ವಯಸ್ಸಾಗಿ?"

ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ಶಿಫಾಳ ಕತ್ತು ಕೆಂಪಾಯಿತು. ನನ್ನತ್ತ ನೋಡಲಿಲ್ಲ.

"ತಪ್ಪಾಯ್ತು ಬಿಡಪ್ಪ," ಎಂದು, ಉಗುರಿನ ಬುಡದವರೆಗೆ ಕಪ್ಪಾಗಿದ್ದ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.