ವಿಮಾನದ ಸದ್ದಿನಲ್ಲಿ ಹೋದ ವಚನ

ನನ್ನ ತಂಗಿಯ ಗಂಡ ಬೈಬಲ್ ಓದಲು ನಿಂತರೆ ಯಲಹಂಕದ ನಮ್ಮ ಚರ್ಚಿನಲ್ಲಿ ಮಕ್ಕಳೂ ಗಲಾಟೆ ನಿಲ್ಲಿಸುತ್ತಿದ್ದವು. ಅಂಥ ಕಂಠ. "ಏನ್ ಓದ್ತಾರಮ್ಮ ನಿಮ್ಮನೆಯೋರು, ಕಣ್ಣಲ್ಲಿ ನೀರು ಬರುತ್ತೆ" ಎಂದು ಹೆಂಗಸರು ತಂಗಿಗೆ ಹೇಳುತ್ತಿದ್ದರು. ಕಣ್ಣಲ್ಲಿ ನೀರು ಅವಳಿಗೂ ಬರುತ್ತಿತ್ತು, ಮನೆಯಲ್ಲಿ, ಅವನ ಕೈ ಬೆಲ್ಟಿಗೆ ಹೋದಾಗ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ! ಅವನ ದನಿ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮಲ್ಲಿ ವಾಕ್ಯ ಓದುವಾಗ ಯಾರೂ ಪುಸ್ತಕ ತೆರೆಯುವುದಿಲ್ಲ. ಮಡಿಲಲ್ಲಿ ಮುಚ್ಚಿಟ್ಟುಕೊಂಡು, ಕಣ್ಣು ಮುಚ್ಚಿ ಕೇಳಬೇಕು. ದೇವರು ಮಾತಾಡುವಾಗ ಹಾಳೆ ತಿರುವಬಾರದು ಎಂದು ಅಮ್ಮ ನಮಗೆ ಕಲಿಸಿದ್ದಳು. ಇನ್ನೊಂದು ಪದ್ಧತಿ ನಮ್ಮ ಯಲಹಂಕದ್ದೇ. ತಲೆಯ ಮೇಲೆ ಏರ್‌ಫೋರ್ಸ್ ವಿಮಾನ ಹೋದರೆ, ಸದ್ದಿನಲ್ಲಿ ಮುಳುಗಿದ ವಚನವನ್ನು ಮತ್ತೆ ಓದಬೇಕು. ಓದಿ ಮುಗಿದ ಮೇಲೆ ಎಲ್ಲರೂ "ದೇವರಿಗೆ ಸ್ತೋತ್ರ" ಅನ್ನಬೇಕು. ತಂಗಿ ಹಾಗನ್ನುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ನಾನು ಮಾತ್ರ, ನನ್ನ ಬಾಯಿಗೆ ಮಣ್ಣು ಹಾಕ, ಪ್ರತಿ ವಾರವೂ ಅನ್ನುತ್ತಿದ್ದೆ.

ಒಂದು ದಿನ ಮಣಿಕಟ್ಟು ಊದಿಸಿಕೊಂಡು ಅವಳು ನಮ್ಮ ಮನೆಗೆ ಬಂದಳು. ಹಿಂದೆಯೇ ಸಭೆಯ ಹಿರಿಯರು ಬಂದರು. ನನ್ನ ಕೈಯ ಕಾಫಿ ಕುಡಿದು, "ಸ್ವಲ್ಪ ಸಹಿಸ್ಕೊಳ್ಳಮ್ಮ. ಭಾನುವಾರ ಆರಾಧನೆ ಮುಗಿದ್ಮೇಲೆ ಅವ್ರ ಜೊತೆ ಹೋಗ್ಬಿಡು" ಎಂದು ತೀರ್ಮಾನ ಕೊಟ್ಟರು. ನಾನು ಕೂಗಾಡಿದೆ. "ಬಿಡಕ್ಕ" ಅಂದಳು ತಂಗಿ.

ಆ ಭಾನುವಾರ ಓದುವ ಸರದಿ ಅವನದೇ. ಏರ್ ಶೋ ಅಭ್ಯಾಸದ ದಿನಗಳು ಬೇರೆ. ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಬೇಕು ಎಂಬ ವಚನವನ್ನು ಜೇನು ಸುರಿದ ಹಾಗೆ ಓದಿದ. ಮುಂದಿನದಕ್ಕೆ ಬಾಯಿ ತೆರೆಯುವಾಗ ಜೆಟ್ ಒಂದು ಛಾವಣಿಯ ಶೀಟುಗಳನ್ನು ನಡುಗಿಸಿಕೊಂಡು ಹೋಯಿತು. ಸದ್ದು ಅಡಗಿದಾಗ, ಮಕ್ಕಳು ತಂದೆತಾಯಿಯ ಮಾತು ಕೇಳಬೇಕು ಎನ್ನುವಲ್ಲಿಗೆ ಹೋಗಿಬಿಟ್ಟಿದ್ದ. ನಡುವಿನದನ್ನು ನುಂಗಿದ್ದ, ಕಳ್ಳ! ಪುಸ್ತಕ ಯಾರ ಮುಂದೂ ತೆರೆದಿರಲಿಲ್ಲ. ಆದರೆ ಕೇಳಿ ಕೇಳಿ ತಂಗಿಗೆ ಅದು ಬಾಯಿಪಾಠವಾಗಿತ್ತು.

ಅವಳು ಎದ್ದು ನಿಂತಳು. "ರೀ, ವಿಮಾನದ ಸದ್ದಲ್ಲಿ ಒಂದು ವಚನ ಹೋಯ್ತು. ಮತ್ತೆ ಓದಿ."

"ಕೂತ್ಕೊಳ್ಳಮ್ಮ" ಎಂದು ಹಿರಿಯರೊಬ್ಬರು ಗದರಿದರು.

"ಯಾಕ್ರೀ ಕೂತ್ಕೋಬೇಕು? ದೇವ್ರ ವಾಕ್ಯ ತಾನೇ ಕೇಳ್ತಿರೋದು!" ಎಂದು ನಾನೂ ಎದ್ದೆ.

ಓದಿದ. ಗಂಡಂದಿರು ಹೆಂಡತಿಯರನ್ನು ಪ್ರೀತಿಸಬೇಕು, ಅವರೊಂದಿಗೆ ಕಠೋರವಾಗಿರಬಾರದು. ಇಷ್ಟೇ ಇಷ್ಟು ವಚನ. ಅದಕ್ಕೆ ಅವನ ಆ ಕಂಠ ಎಲ್ಲಿ ಸತ್ತುಹೋಗಿತ್ತೋ!

"ಕೇಳಿಸ್ಲಿಲ್ಲ" ಅಂದಳು ತಂಗಿ.

ಆಕಾಶದಲ್ಲಿ ಸದ್ದೇ ಇರಲಿಲ್ಲ. ಅವನು ಇನ್ನೊಮ್ಮೆ ಓದಿದ. ಈಗ ಎಲ್ಲರೂ ಕಣ್ಣು ತೆರೆದು, ಬ್ಯಾಂಡೇಜು ಸುತ್ತಿದ ಅವಳ ಕೈಯನ್ನೇ ನೋಡುತ್ತಿದ್ದರು. "ದೇವರಿಗೆ ಸ್ತೋತ್ರ" ಎಂದು ಅವಳೊಬ್ಬಳೇ ಅಂದಳು. ಆಮೇಲೆ, ಅವನ ಜೊತೆ ಹೋಗಲೆಂದು ಕಟ್ಟಿ ತಂದಿದ್ದ ಬಟ್ಟೆಯ ಚೀಲ ಎತ್ತಿಕೊಂಡು, "ನಡಿ ಅಕ್ಕ, ನಿಮ್ಮನೆಗೆ ಹೋಗೋಣ" ಅಂದಳು. ಹಿರಿಯರು ಯಾರೂ ಅಡ್ಡ ಬರಲಿಲ್ಲ.