ಅಕ್ಕೋರ ದೋಣಿಗೊಂದು ಟ್ರೇಲರ್

ಅಕ್ಕೋರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಆ ಜಾಗದ ಚರ್ಮ ಮಗುವಿನ ಅಂಗಾಲಿನಂತೆ ನುಣುಪಾಗಿತ್ತು. ಏನಾಯಿತೆಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಮೀನ ತಿಂತು." ನಿಜವಾಗಿ ಅದು ದೋಣಿಗೂ ದಂಡೆಯ ಕಲ್ಲಿಗೂ ನಡುವೆ ಸಿಕ್ಕಿ ಜಜ್ಜಿಹೋಗಿತ್ತು.

ಅವರು ನನ್ನ ಮನೆಯ ಓನರ್. ವಿಜಯಪುರದ ಕಡೆಯವರು, ಹೈದರಾಬಾದಿನ ಕನ್ನಡ ಶಾಲೆಯೊಂದರಲ್ಲಿ ಕಲಿಸಿ ನಿವೃತ್ತರಾಗಿದ್ದರು. ಅವರ ಕಡೆ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ; ಗಲ್ಲಿಯ ತೆಲುಗರಿಗೂ ಅವರು ಅಕ್ಕೋರೇ. ನಾನು ಮದುವೆ ಮುರಿದುಕೊಂಡು, ಕುಂದಾಪುರದಲ್ಲಿ ಅಮ್ಮನ ಮೌನ ತಾಳಲಾರದೆ, ಬೇಗಂಪೇಟೆಯ ಆಫೀಸೊಂದರಲ್ಲಿ ಕೆಲಸ ಹಿಡಿದು ಬಂದವಳು. ಅವರ ಮಹಡಿಯ ಕೋಣೆ ಬಾಡಿಗೆಗೆ ಸಿಕ್ಕಿತು. ಭಾನುವಾರವೆಂದರೆ ನನಗೆ ಭಯ. ಶನಿವಾರ ಸಂಜೆ ಆಫೀಸಿನಲ್ಲಿ ಆಡಿದ್ದೇ ಕೊನೆಯ ಮಾತು. ಸೋಮವಾರದವರೆಗೆ ಬಾಯಿ ತೆರೆಯುವ ಪ್ರಸಂಗವಿರುತ್ತಿರಲಿಲ್ಲ.

ಹಿತ್ತಲಿನಲ್ಲಿ ಒಂದು ಫೈಬರ್ ದೋಣಿ ಬೋರಲಾಗಿ ಬಿದ್ದಿತ್ತು. ಅಕ್ಕೋರ ಯಜಮಾನರಿಗೆ ಮೀನು ಹಿಡಿಯುವ ಹುಚ್ಚು. ರಜೆ ಬಂದರೆ ಗಂಡ ಹೆಂಡತಿ ಸಂಗಾರೆಡ್ಡಿಯ ಆಚೆಯ ಜಲಾಶಯಕ್ಕೆ ಹೋಗುತ್ತಿದ್ದರಂತೆ. "ಅವರು ಗಾಳ ಹಾಕೋರು, ನಾ ಹುಟ್ಟು ಹಾಕಾಕಿ," ಎನ್ನುತ್ತಿದ್ದರು ಅಕ್ಕೋರು. "ನಮ್ಮನ್ಯಾಗ ಮೀನ ತಿನ್ನಂಗಿಲ್ಲ. ಹಿಡದು, ನೋಡಿ, ಬಿಟ್ಟು ಬರ್ತಿದ್ವಿ." ಟೆಂಪೋ ಮಾಡಿಸಿ ದೋಣಿ ಎತ್ತಿಡಲು ಯಜಮಾನರ ಗೆಳೆಯರು ಬರುತ್ತಿದ್ದರು. ಯಜಮಾನರು ತೀರಿಕೊಂಡ ಮೇಲೆ ಆ ಗೆಳೆಯರು ಬರಲಿಲ್ಲ. ಬಂಧುಗಳೆಲ್ಲ ದೋಣಿ ಮಾರಿಬಿಡಿ ಎಂದರು.

ಒಂದು ಬೆಳಿಗ್ಗೆ ಅಕ್ಕೋರು ಮಹಡಿ ಹತ್ತಿ ಬಂದು ಬಾಗಿಲಲ್ಲಿ ನಿಂತರು.

"ಮಾರಾಕ ಮನಸಿಲ್ಲ. ಹಂಗಂತ ಬೋರಲ ಬಿದ್ದದ್ದನ್ನ ದಿನಾ ನೋಡಾಕೂ ಆಗವಲ್ದು. ನಮ್ಮ ಹಳೇ ಜೀಪ್ ಐತಲ್ಲ, ಅದಕ್ಕ ಕಟ್ಟಿ ಎಳಿಯೋ ಟ್ರೇಲರ್ ತರ್ತೀನಿ. ನೀ ಸಮುದ್ರದ ಕಡೆಯಾಕಿ, ಆರಿಸಾಕ ಬಾ."

"ನಮ್ಮ ಕಡೆ ದೋಣಿ ಮರಳ ಮೇಲೇ ಇರುತ್ತದೆ ಅಕ್ಕೋರೆ. ಟ್ರೇಲರ್ ನಾನು ಕಂಡೇ ಇಲ್ಲ."

"ಹಂಗಾದ್ರ ಸುಮ್ನ ಬಾ. ದಾರಿಯೊಳಗ ಮಾತಾಡಾಕ ಯಾರರ ಬೇಕಲ್ಲ."

ಪಟಾನ್‌ಚೆರುವಿನ ದಾರಿಯಲ್ಲಿ ಒಂದು ವೆಲ್ಡಿಂಗ್ ಶೆಡ್ಡು. ಟ್ರೇಲರ್ ಕಟ್ಟುವ ಮೇಸ್ತ್ರಿ ಮೊದಲು ತೋರಿಸಿದ್ದು ನಾಲ್ಕು ಚಕ್ರದ ದೊಡ್ಡ ಟ್ರೇಲರ್. ರಸ್ತೆಯಲ್ಲಿ ಅಲುಗುವುದಿಲ್ಲ, ಗಟ್ಟಿಮುಟ್ಟು ಎಂದ. ಅಕ್ಕೋರು ಸೆರಗು ಬಿಗಿದು, ಅದರ ಮೂತಿ ಹಿಡಿದು ಎಳೆದು ನೋಡಿದರು. ಅದು ಜಗ್ಗಲಿಲ್ಲ. ಇನ್ನೊಂದು ಹಗುರ, ಆದರೆ ಹಲಗೆ ಎತ್ತರದಲ್ಲಿತ್ತು. ದೋಣಿಯನ್ನು ಎತ್ತಿಯೇ ಇಡಬೇಕು.

"ಯಾವುದಾದರೂ ಇಬ್ಬರು ಮನುಷ್ಯರು ಬೇಕಮ್ಮಾ," ಎಂದ ಮೇಸ್ತ್ರಿ ತೆಲುಗಿನಲ್ಲಿ. ನೀರಲ್ಲಿ ದೋಣಿ ಹಿಡಿಯಲು ಒಬ್ಬರು, ಜೀಪಿನಲ್ಲಿ ಒಬ್ಬರು, ಇಬ್ಬರಂತೂ ಬೇಕೇ ಬೇಕು ಎಂದು ಅವನ ಮಾತು.

ಅಕ್ಕೋರು ತೆಲುಗಿನಲ್ಲೇ ಹೇಳಿದರು, "ನಮ್ಮಲ್ಲಿ ಇಬ್ಬರಿಲ್ಲಪ್ಪಾ. ಒಬ್ಬಳಿಗೆ ಆಗುವಂಥದ್ದು ತೋರಿಸು."

ಮೇಸ್ತ್ರಿ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಆ ಮಾತು ನನಗೂ ಹೊಂದುತ್ತಿತ್ತು.

ಶೆಡ್ಡಿನ ಹಿಂದೆ ಒಂದು ಸಣ್ಣ ಟ್ರೇಲರ್ ಇತ್ತು. ಎರಡೇ ಚಕ್ರ, ಮೈತುಂಬ ರಬ್ಬರ್ ಉರುಳೆ, ಮುಂದೆ ಕೈಯಿಂದ ತಿರುಗಿಸುವ ರಾಟೆ, ಅದರಿಂದ ಹಗ್ಗ ಸುತ್ತಿ ದೋಣಿಯನ್ನು ಮೇಲಕ್ಕೆಳೆಯಬಹುದು. ಅಕ್ಕೋರು ನನ್ನನ್ನು ಅದರ ಮೇಲೆ ಹತ್ತಿಸಿದರು. "ಹಿಂದ ಸರಿ" ಎಂದರು, ಮೂತಿ ಆಕಾಶಕ್ಕೆದ್ದಿತು. "ಮುಂದ ಬಾ" ಎಂದರು, ಅದು ಅವರ ಕೈಯನ್ನು ನೆಲಕ್ಕೆ ಒತ್ತಿತು. "ಹಾಂ, ಅಲ್ಲೇ, ಅಲ್ಲೇ ಕೂಡು." ಭಾರ ಚಕ್ರಕ್ಕಿಂತ ತುಸು ಮುಂದೆ ಇರಬೇಕು, ಇಲ್ಲದಿದ್ದರೆ ಓಟದಲ್ಲಿ ಬಾಲ ಬೀಸುತ್ತದೆ ಎಂದು ಮೇಸ್ತ್ರಿ ವಿವರಿಸಿದ. ಅಕ್ಕೋರು ಮೂತಿ ಎತ್ತಿ ಹಿಡಿದು, ನನ್ನನ್ನು ಕೂರಿಸಿಕೊಂಡೇ ಶೆಡ್ಡಿನ ತುಂಬ ಎಳೆದಾಡಿದರು. ಕೆಲಸಗಾರರು ಕೆಲಸ ಬಿಟ್ಟು ನಿಂತು ನೋಡಿದರು. ನಾನು ಜೋರಾಗಿ ನಕ್ಕುಬಿಟ್ಟೆ. ಈ ಊರಿಗೆ ಬಂದ ಮೇಲೆ ಹಾಗೆ ನಕ್ಕಿದ್ದು ಅದೇ ಮೊದಲು.

"ಇದಾ ಇರಲಿ," ಎಂದರು ಅಕ್ಕೋರು, ಏದುಸಿರು ಬಿಡುತ್ತ.

ಮುಂದಿನ ಭಾನುವಾರ ಜಲಾಶಯಕ್ಕೆ ಹೋದೆವು. ನೀರಿನವರೆಗೆ ಜೀಪನ್ನು ಹಿಮ್ಮುಖವಾಗಿ ಬಿಡಬೇಕಿತ್ತು. ಸ್ಟಿಯರಿಂಗ್ ಹಿಡಿದ ಅಕ್ಕೋರು ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೊರಳುತ್ತಿತ್ತು. ಮತ್ತೆ ಮುಂದೆ ಹೋಗಿ ಮತ್ತೆ ಹಿಂದೆ. ದಂಡೆಯ ಬೆಸ್ತರು ಕೂಗಿ ಸಲಹೆ ಕೊಟ್ಟರು. ಬಂಡೆಯ ಮೇಲೆ ಕೂತಿದ್ದ ನಾನು ನೆರವಿಗೆ ಎದ್ದು ಹೋದರೆ, "ನೀ ಕೂತಿರು. ನೀ ಊರಿಗೆ ಹೋದ ಮ್ಯಾಲೂ ನಾ ಬರಬೇಕಲ್ಲ ಇಲ್ಲಿಗೆ?" ಎಂದು ಗದರಿದರು. ಕೊನೆಗೆ ಚಕ್ರಗಳು ನೀರಿಗಿಳಿದವು. ಅಕ್ಕೋರು ಮೊಣಕಾಲ ನೀರಿನಲ್ಲಿ ನಿಂತು ರಾಟೆ ಸಡಿಲಿಸಿದರು. ದೋಣಿ ಉರುಳೆಗಳ ಮೇಲೆ ಸರಸರನೆ ಜಾರಿ ತೇಲಿತು. ಅದನ್ನು ದಂಡೆಯ ಕಲ್ಲಿಗೆ ಕಟ್ಟಿ, ಜೀಪನ್ನು ಮೇಲೆ ತಂದು ನಿಲ್ಲಿಸಿ, ಒಬ್ಬರೇ ದೋಣಿ ಹತ್ತಿ ಹುಟ್ಟು ಹಾಕುತ್ತ ಹೊರಟರು.

ನಡುನೀರಿನಲ್ಲಿ ದೋಣಿ ನಿಲ್ಲಿಸಿದರು. ಎದುರು ಕೂರುವ ಹಲಗೆ ಖಾಲಿ. ಅವರು ಅದನ್ನೇ ನೋಡುತ್ತ ಕುಳಿತಿದ್ದು ದಂಡೆಗೂ ಕಾಣುತ್ತಿತ್ತು. ಭುಜ ಅಲುಗುತ್ತಿತ್ತು. ಕರೆಯಬೇಕೋ ಬೇಡವೋ ತಿಳಿಯದೆ ನಾನು ಬಂಡೆಯ ಮೇಲೆ ಕೂತೇ ಇದ್ದೆ.

ಬಿಸಿಲೇರಿದ ಮೇಲೆ ಮರಳಿ ಬಂದರು. ಮುಖ ತೊಳೆದುಕೊಂಡಿದ್ದರು. "ಬಾ, ಈಗ ನೀ ಹತ್ತು," ಎಂದರು. "ಒಂದ್ಸಲ ಒಬ್ಬಾಕೀನ ಹೋಗಿ ಬರೂದಿತ್ತು. ಹೋಗಿ ಬಂದೆ."

ನಾನು ಹೋಗಿ ಆ ಹಲಗೆಯ ಮೇಲೆ ಕೂತೆ. ಅವರು ಹುಟ್ಟು ಹಾಕುತ್ತ ಹೋದರು. ನಡುವೆ ಒಮ್ಮೆ, "ಗಂಡನ್ನ ಬಿಟ್ಟು ಬಂದೆ ಅಂತ ಎಷ್ಟ ದಿನ ಬಾಗಲಾ ಹಾಕ್ಕೊಂಡು ಕೂಡಾಕಿ?" ಎಂದು ಕೇಳಿದರು. ನಾನು ನೀರಿಗೆ ಕೈ ಇಳಿಬಿಟ್ಟೆ. ಅವರು ಮತ್ತೆ ಕೇಳಲಿಲ್ಲ. ಆಮೇಲಿನ ಎಷ್ಟೋ ಭಾನುವಾರಗಳು ಹಾಗೇ ಕಳೆದವು. ನಾನು ಹುಟ್ಟು ಹಾಕುವುದನ್ನು ಕಲಿತೆ.

ಕಳೆದ ಚಳಿಗಾಲದಲ್ಲಿ ಅಕ್ಕೋರು ನಿದ್ದೆಯಲ್ಲೇ ಹೋದರು. ಬೆಳಿಗ್ಗೆ ಹಾಲಿನವನು ಕೂಗಿ ಕೂಗಿ ನನ್ನನ್ನು ಕರೆದ. ವಿಜಯಪುರದಿಂದ ಬಂದ ಮೈದುನನ ಮಗ ಅವರನ್ನು ಊರಿಗೆ ಒಯ್ಯುತ್ತೇನೆಂದ. ಆಂಬ್ಯುಲೆನ್ಸಿನಲ್ಲಿ ಮನೆಯವರಿಗೇ ಜಾಗ ಸಾಲದು. ಬಾಡಿಗೆಯವಳನ್ನು ಬಾ ಎಂದು ಯಾರು ಕರೆಯುತ್ತಾರೆ? ಗಾಡಿ ಗಲ್ಲಿಯ ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದೆ.

ಆಫೀಸಿಗೆ ಫೋನ್ ಮಾಡಿ ರಜೆ ಕೇಳಿದೆ. ಯಾರು ತೀರಿಕೊಂಡರು ಎಂದು ಮ್ಯಾನೇಜರ್ ವಿಚಾರಿಸಿದರು. ಓನರ್ ಎನ್ನಲು ಬಾಯಿ ಬರಲಿಲ್ಲ.

"ನಮ್ಮವರು," ಎಂದೆ.