ಹುಣಸೆಬೀಜದ ಮತ

ಈ ಕಥೆಯನ್ನು ನಿಮ್ಮ ದೊಡ್ಡಕ್ಕ ನಿಮಗೆಲ್ಲ ಆಗಲೇ ಹೇಳಿದ್ದಾಳೆ ಅಂತ ಗೊತ್ತು. ಅವಳು ಹೇಳುವಾಗ ನಾನು ಗುಡುಗಿದೆ, ಹತ್ತು ಜನ ನಡುಗಿದರು ಎಂದೆಲ್ಲ ಬರುತ್ತದೆ. ಅದು ಸುಳ್ಳು. ಮಧುಗಿರಿಯ ಈ ಬೀದಿಗೆ ಬಂದು ಇಷ್ಟು ವರ್ಷವಾದರೂ ಪಕ್ಕದ ಮನೆಯವರಿಗೇ ನನ್ನ ದನಿ ಸರಿಯಾಗಿ ಗೊತ್ತಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೊದಲು ನಿಮ್ಮ ತಾತನ ವಿಷಯ ಹೇಳಬೇಕು. ಕೊಳಾಲದ ಕಡೆ ನಮ್ಮ ಹಳ್ಳಿಯಲ್ಲಿ ಬದುವಿನ ಜಗಳ, ನೀರಿನ ಜಗಳ ಏನೇ ಇದ್ದರೂ ನ್ಯಾಯ ನಮ್ಮ ಜಗಲಿಯ ಮೇಲೆ ನಡೆಯುತ್ತಿತ್ತು. ಹೆಂಗಸರು ಅಲ್ಲಿಗೆ ಹೋಗುವಂತಿರಲಿಲ್ಲ. ನಾನು ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಮಾತು ಸಿಕ್ಕುಬಿದ್ದಾಗ ತಾತ ಎದ್ದು, "ಒಂದು ಚೊಂಬು ನೀರು ಕುಡ್ದು ಬತ್ತೀನಿ" ಎಂದು ಒಳಗೆ ಬರುತ್ತಿದ್ದರು. ಅವರು ನೀರು ಕುಡಿಯುವಷ್ಟು ಹೊತ್ತಿನಲ್ಲಿ ನನಗನ್ನಿಸಿದ್ದನ್ನು ನಾನು ಹೇಳಿ ಮುಗಿಸಬೇಕು. ಅವರು ಮೀಸೆ ಒರೆಸಿಕೊಂಡು ಹೊರಗೆ ಹೋಗಿ ಅದನ್ನೇ ಗಂಭೀರವಾಗಿ ಹೇಳುತ್ತಿದ್ದರು. ನೀರು ಕುಡಿದ ಮೇಲೆ ಇವರ ಬುದ್ಧಿ ಚುರುಕಾಗುತ್ತದೆ ಎಂದು ಊರಿನಲ್ಲಿ ಹೆಸರಾಗಿತ್ತು. ಒಬ್ಬ ಯಜಮಾನರು ನಮ್ಮ ಬಾವಿಯ ನೀರಿಗೇ ಏನೋ ಗುಣವಿದೆ ಎಂದು ನಂಬಿ ಎರಡು ಬಿಂದಿಗೆ ತರಿಸಿಕೊಂಡಿದ್ದೂ ಉಂಟು. ಅವರ ಮನೆಯಲ್ಲಿ ಏನಾದರೂ ಬದಲಾಯಿತೋ ಇಲ್ಲವೋ ತಿಳಿಯದು. ತಾತ ಹೋದ ಮೇಲೆ ನೀರಿಗೆ ಒಳಗೆ ಬರುವವರು ಯಾರೂ ಉಳಿಯಲಿಲ್ಲ. ನಾನೂ ಮಾತನ್ನು ಹಾಗೆಯೇ ಬಿಟ್ಟೆ.

ಈಗ ಆಟಕ್ಕೆ ಬರುತ್ತೇನೆ. ಆ ವರ್ಷ ಯುಗಾದಿಗೆ ಮೊದಲು ಊರಿನ ನಮ್ಮ ಎರಡು ಮರದ ಹುಣಸೆಹಣ್ಣು ಮೂಟೆ ಮೂಟೆ ಬಂದು ನಡುಮನೆ ತುಂಬಿತ್ತು. ಮಧ್ಯಾಹ್ನ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ನಾನು ಕಲ್ಲಿನ ಮೇಲೆ ಹಣ್ಣಿಟ್ಟು ಸಣ್ಣ ಸುತ್ತಿಗೆಯಲ್ಲಿ ಕುಟ್ಟಿ ಬೀಜ ಬಿಡಿಸುತ್ತ ಕೂತಿರುತ್ತಿದ್ದೆ. ನಿಮ್ಮ ದೊಡ್ಡಕ್ಕ ಎದುರಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆಕಾಶದಲ್ಲಿ ಹಡಗು ಓಡಿಸುತ್ತಿದ್ದಳು. ಅದೊಂದು ಆನ್‌ಲೈನ್ ಆಟ. ಎಲ್ಲೆಲ್ಲಿಯವರೋ ಸೇರಿ ಗುಂಪು ಮಾಡಿಕೊಂಡು ನಕ್ಷತ್ರಗಳ ನಡುವೆ ಒಂದು ಸ್ಟೇಷನ್ ಕಟ್ಟಿಕೊಳ್ಳುತ್ತಾರೆ. ಹಡಗುಗಳು ಅಲ್ಲಿ ತಂಗುತ್ತವೆ. ಅಲ್ಲಿಂದ ಹೊರಟು ಬೇರೆ ಗುಂಪಿನವರ ಜೊತೆ ಹೊಡೆದಾಡುತ್ತಾರೆ. ಹೊಡೆದಾಟಕ್ಕೆ ಬೇಕಾದುದೆಲ್ಲ ಆಗುವುದು ಕಲ್ಲಿನಿಂದ. ತೇಲುವ ಬಂಡೆಯ ಮುಂದೆ ಹಡಗು ನಿಲ್ಲಿಸಿ ಬೆಳಕು ಬಿಟ್ಟರೆ ಅದಿರು ತುಂಬುತ್ತದೆ. ತುಂಬಿದಾಗ ಗಂಟೆ ಬಾರಿಸುತ್ತದೆ. ತಂದು ಸ್ಟೇಷನ್ನಿನಲ್ಲಿ ಸುರಿದು ಮತ್ತೆ ಹೋಗಬೇಕು. ಬಹಳ ಬೇಸರದ ಕೆಲಸ, ಯಾರಿಗೂ ಬೇಡ.

"ಅಜ್ಜಿ, ನೀನು ಹೆಂಗೂ ಇಲ್ಲೇ ಕೂತಿರ್ತೀಯ. ಗಂಟೆ ಹೊಡೆದಾಗ ಈ ನಾಕು ಗುಂಡಿ ಒತ್ತು ಸಾಕು" ಎಂದು ಹಳೆಯ ಕಂಪ್ಯೂಟರೊಂದನ್ನು ನನ್ನ ಪಕ್ಕಕ್ಕಿಟ್ಟು ನನಗೂ ಒಂದು ಹಡಗು ಮಾಡಿಕೊಟ್ಟಳು. ಹೆಸರು ಹಾಕು ಎಂದು ಅದು ಕೇಳಿದಾಗ ಸುತ್ತ ನೋಡಿ 'ಹುಣಸೆಬೀಜ' ಎಂದು ಬರೆದಳು. ನಾನು ಮಾತಾಡುವುದಿಲ್ಲ ಎಂದು ಮೊದಲೇ ಹೇಳಿದ್ದರಿಂದ ಹುಣಸೆಬೀಜನ ಮೈಕ್ ಕೆಟ್ಟಿದೆ ಎಂದು ಗುಂಪಿಗೆ ತಿಳಿಸಿದಳು.

ಗುಂಪಿನಲ್ಲಿ ನನ್ನನ್ನೂ ಸೇರಿಸಿ ಹನ್ನೊಂದು ಜನ, ಎಲ್ಲ ನಮ್ಮ ಸೀಮೆಯವರೇ. ಮುಖ್ಯಸ್ಥೆ ಪಾವಗಡದ ಒಬ್ಬ ಟೀಚರ್. ಎಲ್ಲರಿಗಿಂತ ಹೆಚ್ಚು ದನಿ ಕೇಳುತ್ತಿದ್ದುದು ಶಿರಾದಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ ಒಬ್ಬನದು. ನಾನು ಕಲ್ಲು ಸುರಿದಾಗಲೆಲ್ಲ ಅವನು, "ಲೇ ಹುಣಸೆಬೀಜ, ಬಂದ್ಯೇನ್ಲಾ? ಎಷ್ಟು ಹೊತ್ತು ಮಾಡ್ತೀಯಾ, ಕತ್ತೆ ಮೇಲೆ ಹೇರ್ಕೊಂಡು ಬಂದ್ಯಾ?" ಎನ್ನುವನು. ಮೊದಲ ದಿನ ಸುತ್ತಿಗೆ ಕೆಳಗಿಟ್ಟುಬಿಟ್ಟೆ. ಆಮೇಲೆ ಆ ಬೈಗುಳಕ್ಕಾಗಿಯೇ ಬೇಗ ಬೇಗ ತುಂಬಿಸತೊಡಗಿದೆ. ತಾತ ಹೋದ ಮೇಲೆ ನನ್ನನ್ನು ಲೇ ಅನ್ನುವವರು ಇರಲಿಲ್ಲ. ಎಲ್ಲರೂ ಅಮ್ಮ, ಅಜ್ಜಿ ಎಂದು ದನಿ ತಗ್ಗಿಸಿಯೇ ಮಾತಾಡುವವರು.

ಗುಂಪಿನ ಮಾತು ಕೇಳುತ್ತ ಕೇಳುತ್ತ ನನಗೂ ಅಭಿಪ್ರಾಯಗಳು ಹುಟ್ಟಿದವು. ಒಮ್ಮೆ ಬೇರೆ ಗುಂಪಿನವರೊಂದಿಗೆ ಬಂಡೆಗಳ ತಕರಾರಾದಾಗ, ಜಗಳ ಬೇಡ, ನಮ್ಮವರೇ ಎರಡು ಮಾರು ಈಚೆ ಬಂದು ಅಗೆಯಲಿ ಎಂದೆ. ನಿಮ್ಮಕ್ಕ ಅದನ್ನೇ ಹೇಳಿದಳು, ಎಲ್ಲರೂ ಒಪ್ಪಿದರು. ಅಲ್ಲಿಂದ ಮಾತು ಸಿಕ್ಕುಬಿದ್ದಾಗಲೆಲ್ಲ ಅವಳು, "ಒಂದ್ನಿಮಿಷ, ನೀರು ಕುಡ್ದು ಬರ್ತೀನಿ" ಎಂದು ತನ್ನ ಮೈಕ್ ಮುಚ್ಚಿ ನನ್ನ ಕಡೆ ತಿರುಗುವಳು. ತಾತನ ವಿಷಯ ಅವಳಿಗೆ ನಾನು ಹೇಳಿರಲಿಲ್ಲ. ರಕ್ತದಲ್ಲೇ ಬಂದಿರಬೇಕು.

ಆಷಾಢದ ಒಂದು ಭಾನುವಾರ, ಊಟವಾದ ಮೇಲೆ, ದೊಡ್ಡ ಚರ್ಚೆ ಕೂಡಿತು. ಆಟ ನಡೆಸುವವರು ಸ್ಟೇಷನ್ನಿಗೆ ಜೋಡಿಸುವ ಹೊಸ ಭಾಗವೊಂದನ್ನು ಬಿಟ್ಟಿದ್ದರು. ಅದು ರಿಪೇರಿ ಶೆಡ್ಡು. ಒಡೆದ ಹಡಗನ್ನು ಅದರೊಳಗೆ ನಿಲ್ಲಿಸಿದರೆ ತಾನೇ ಸರಿಯಾಗುತ್ತದಂತೆ. ಬೆಲೆ ಮಾತ್ರ ನಾವು ಬೇಸಿಗೆಯೆಲ್ಲ ಕೂಡಿಟ್ಟ ಅಷ್ಟೂ ಅದಿರು. ಅದು ಸಾಲದೆಂದು ಹಡಗು ಬರಲಿ ಬಿಡಲಿ ಪ್ರತಿದಿನ ಅದಕ್ಕೆ ಒಂದಿಷ್ಟು ಕಲ್ಲು ತಿನ್ನಿಸುತ್ತಿರಬೇಕು.

"ಎಲ್ರೂ ಒಟ್ಟಿಗೆ ಅರಚಿದ್ರೆ ಎಟ್ಲಾ ಕೇಳೋದು? ಒಬ್ಬೊಬ್ರೇ" ಎಂದರು ಪಾವಗಡದ ಟೀಚರ್.

"ಅರೆ ಮೇಡಂ, ಹಡಗು ಇರೋದೇ ಒಡೆಯಕ್ಕೆ" ಎಂದ ಶಿರಾದವನು. "ನನ್ ಅಂಗಡಿಗೆ ಜೀವ ಇರೋ ಬ್ಯಾಟರಿ ಯಾವತ್ತಾದ್ರೂ ಬಂದೈತಾ? ಶೆಡ್ ಇಲ್ದೆ ಗಾಡಿ ಇಟ್ಕಂಡ್ರೆ ಹೆಂಗೆ?"

"ನಿಂಗೆ ಬೇಕಾಗಿರೋದು ಶೆಡ್ಡಾ, ಶೋಕಿನಾ?" ಎಂದರು ಟೀಚರ್. "ನಾಳೆ ಹೊಸ ಹಡಗು ಕಟ್ಟಕ್ಕೆ ಏನಿರುತ್ತೆ ನಮ್ ಹತ್ರ?"

"ನಂದು ಮೂರು ಸಲ ಒಡೀತು ಮೇಡಂ" ಎಂದಳು ನಿಮ್ಮಕ್ಕ. "ರಿಪೇರಿಗೆ ಅಂತ ಪಕ್ಕದ ಗುಂಪಿನೋರ ಸ್ಟೇಷನ್ ಮುಂದೆ ಕೈಕಟ್ಕೊಂಡು ನಿಂತ್ಕೋಬೇಕು. ನಾಚಿಕೆ ಆಗುತ್ತೆ."

"ಬಂಡೆ ನೋಡ್ಕೊಂಡು ಓಡ್ಸಮ್ಮ, ನಾಚಿಕೆ ಉಳಿಯುತ್ತೆ."

ಕೊನೆಗೆ ಮತಕ್ಕೆ ಹಾಕಿದರು. ಐದು ಜನ ಬೇಕು ಎಂದರು, ಐದು ಜನ ಬೇಡ. ಉಳಿದವಳು ನಾನು.

"ಹುಣಸೆಬೀಜ ನಮ್ ಪಾರ್ಟಿ ಕಣ್ರೀ, ಮುಗೀತು" ಎಂದ ಶಿರಾದವನು.

"ಬಾಯಲ್ಲಿ ಹೇಳ್ಲಿ" ಎಂದರು ಟೀಚರ್. ಹಿಂದಿನ ತಿಂಗಳು ಯಾರೋ ಒಬ್ಬ ಎರಡು ಹೆಸರಿಟ್ಟುಕೊಂಡು ಎರಡು ಸಲ ಮತ ಹಾಕಿ ಸಿಕ್ಕಿಬಿದ್ದಿದ್ದ. "ದನಿ ಕೇಳಿಸ್ದೇ ಇದ್ರೆ ಇವತ್ತು ಗುಂಪಿಂದಾನೇ ತೆಗೀತೀನಿ. ಇಷ್ಟು ದಿನದಿಂದ ಮೂಗನ ತರ ಕೂತವ್ನೆ."

"ಲೇ ಹುಣಸೆಬೀಜ, ನಿನ್ ಮೈಕಿಗೂ ಒಂದು ಶೆಡ್ ಕಟ್ಟಿಸ್ಬೇಕೇನ್ಲಾ? ಜಲ್ದಿ ಹೇಳು, ನಿನ್ನ ತೆಗೆದ್ರೆ ನಾನು ಬೈಯೋದು ಯಾರಿಗೆ?"

"ನೀರು ಕುಡ್ದು ಬರ್ತೀನಿ" ಎಂದಳು ನಿಮ್ಮಕ್ಕ. ಮೈಕ್ ಮುಚ್ಚಿ ನನ್ನ ಹತ್ತಿರ ಸರಿದಳು. "ಅಜ್ಜಿ, 'ಬೇಕು' ಅಂತ ಒಂದೇ ಮಾತು. ದನಿ ಸ್ವಲ್ಪ ದಪ್ಪ ಮಾಡ್ಕೊ."

"ನಂಗೆ ಬ್ಯಾಡ ಅನ್ಸುತ್ತೆ ಕಣಮ್ಮ."

"ಮಾತಾಡೋದಾ?"

"ಶೆಡ್ಡು."

ಅವಳು ನನ್ನನ್ನೇ ನೋಡಿದಳು. "ಹಂಗಾದ್ರೆ ನೀನೇ ಹೇಳು. ನಾನ್ ಹೇಳಲ್ಲ."

ತಾತ ಒಂದು ದಿನವೂ ಹಾಗೆ ಅಂದವರಲ್ಲ. ನನ್ನ ಮಾತು ಹಿಡಿಸದ ದಿನ ಅರ್ಧ ಚೊಂಬಿಗೇ ಎದ್ದು ಹೋಗುತ್ತಿದ್ದರು, ಅಷ್ಟೇ. ಈಗ ಮಾತಾಡದಿದ್ದರೆ ನನ್ನನ್ನು ತೆಗೆಯುತ್ತಾರೆ, ಮಾತಾಡಿದರೆ ನಾನು ಯಾರೆಂದು ತಿಳಿಯುತ್ತದೆ. ಕೊನೆಯ ಮೂಟೆ ಇನ್ನೂ ಮುಗಿದಿರಲಿಲ್ಲ, ಕೈಯೆಲ್ಲ ಹುಣಸೆಹಣ್ಣಿನ ಅಂಟು. ಮೊಣಕೈಯಿಂದ ಮೈಕಿನ ಗುಂಡಿ ಒತ್ತಿದೆ.

"ಬ್ಯಾಡಿ" ಎಂದೆ. "ಅದಕ್ಕೆ ದಿನಾ ತಿನ್ನಿಸ್ಬೇಕಂತೆ. ಆಡೋರು ಹತ್ತು ಜನ ಇದ್ದೀರಿ. ಕಲ್ಲು ಹೊರೋಳು ನಾನೊಬ್ಳು."

ಶಿರಾದವನು ಮೆಲ್ಲಗೆ, "ಯಾರಮ್ಮಾ ನೀವು?" ಎಂದ.

"ಹುಣಸೆಬೀಜ."

"ನಮ್ಮಜ್ಜಿ" ಎಂದಳು ನಿಮ್ಮಕ್ಕ, ಕಳ್ಳತನ ಒಪ್ಪಿಕೊಂಡವಳ ಹಾಗೆ.

"ಅಯ್ಯೋ ಅಮ್ಮಾ, ಮಾಫ್ ಮಾಡ್ಬುಡಿ. ಏನೇನೋ ಅಂದ್ಬುಟ್ಟಿದೀನಿ."

ಅಲ್ಲಿಗೆ ನಾನು ಗೆದ್ದೆ. ಗೆದ್ದದ್ದು ಎಷ್ಟರಮಟ್ಟಿಗೆ ಎಂದರೆ, ಬೇಕು ಎಂದಿದ್ದ ಐವರೂ ಹಿರಿಯರ ಮಾತು ಎಂದು ಬೇಡ ಎಂದರು. ನಿಮ್ಮಕ್ಕ ಕೂಡ, ಹಲ್ಲು ಕಚ್ಚಿಕೊಂಡು. ಮರುದಿನದಿಂದ ನಾನು ಆಟಕ್ಕೆ ಬಂದರೆ ಜಗಲಿಗೆ ಮಾವನವರು ಬಂದಂತೆ ಎಲ್ಲರ ಮಾತೂ ನಿಲ್ಲುತ್ತಿತ್ತು. ಊಟ ಆಯ್ತಾ ಅಮ್ಮ, ಮಂಡಿನೋವು ಹೆಂಗಿದೆ ಅಮ್ಮ. ಮಂಡಿನೋವು ಇದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ, ನೋವು ಇಲ್ಲವೆಂದೂ ಅಲ್ಲ. ಶಿರಾದವನು ನನ್ನ ಕಲ್ಲಿನ ರಾಶಿಗೆ, "ತುಂಬಾ ಉಪಕಾರ ಆಯ್ತು" ಎನ್ನತೊಡಗಿದ. ಬಾಗಿಲ ಹಿಂದೆ ಇದ್ದಾಗ ಎಲ್ಲವೂ ಕೇಳಿಸುತ್ತಿತ್ತು. ಹೊರಗೆ ಬಂದ ಮೇಲೆ ಕೇಳಿಸಿದ್ದು ಬರೀ ಮಳೆ ಬೆಳೆಯ ಮಾತು.

ಎರಡು ವಾರವಾದ ಮೇಲೆ ಬೇರೆ ಗುಂಪೊಂದು ನಮ್ಮ ಮೇಲೆ ಬಿದ್ದಿತು. ಐದು ಹಡಗು ಒಡೆದವು, ಶಿರಾದವನ ದೊಡ್ಡ ಹಡಗೂ ಸೇರಿ. ಅವನು ಅದನ್ನು ಕಟ್ಟಿಕೊಂಡಿದ್ದು ವರ್ಷವಿಡೀ. ರಿಪೇರಿಗೆಂದು ಪಕ್ಕದ ಗುಂಪಿನ ಸ್ಟೇಷನ್ನಿಗೆ ಹೋದರೆ ಅವರು ಬಾಗಿಲು ತೆಗೆಯಲಿಲ್ಲ. ಹಿಂದಿರುಗುವ ದಾರಿಯಲ್ಲೇ ಅದು ಚೂರಾಯಿತು.

"ಪರ್ವಾಗಿಲ್ಲ" ಎಂದ ಅವನು. "ಅಮ್ಮ ಅವತ್ತು ಹೇಳಿದ್ದು ಸರಿನೇ ಇತ್ತು."

ಸರಿ ಇರಲಿಲ್ಲ. ಅದು ಅವನಿಗೂ ಗೊತ್ತು, ಟೀಚರಿಗೂ ಗೊತ್ತು, ನನಗಂತೂ ಚೆನ್ನಾಗಿ ಗೊತ್ತು. ಒಬ್ಬರಾದರೂ ಒಂದು ಮಾತು ಅನ್ನಲಿ ಎಂದು ವಾರವೆಲ್ಲ ಕಾದೆ. ಯಾರೂ ಅನ್ನಲಿಲ್ಲ. ನಿಮ್ಮಕ್ಕನ ಮೂಲಕ ಹೇಳಿಸೋಣವೆಂದರೆ ತಪ್ಪೊಪ್ಪಿಗೆಯನ್ನು ಇನ್ನೊಬ್ಬರ ಬಾಯಿಂದ ಕಳಿಸುವುದು ಚೆನ್ನಾಗಿರುವುದಿಲ್ಲ. ಭಾನುವಾರ ಎಲ್ಲರೂ ಕೂಡಿದಾಗ ಕೈ ತೊಳೆದುಕೊಂಡು ಬಂದು ಗುಂಡಿ ಒತ್ತಿದೆ.

"ನಾನು ಹೇಳಿದ್ದು ತಪ್ಪಾಯ್ತು. ಆ ಶೆಡ್ಡು ತಗೊಳ್ಳಿ. ಕಲ್ಲು ಹೊರ್ತೀನಿ. ಆದ್ರೆ ಒಬ್ಳೇ ಅಲ್ಲ, ಮುಯ್ಯಾಳು ಲೆಕ್ಕ. ಇವತ್ತು ನಿಮ್ ಕೆಲ್ಸಕ್ಕೆ ನಾನು ಬಂದ್ರೆ ನಾಳೆ ನನ್ ಕೆಲ್ಸಕ್ಕೆ ನೀವು. ದಿನಕ್ಕೊಬ್ರು ನನ್ ಜೊತೆ ಬಂಡೆಗೆ ಬರ್ಬೇಕು."

"ಈಗ ಹೇಳ್ತೀಯೇನ್ಲಾ ಹುಣಸೆಬೀಜ?" ಶಿರಾದವನ ದನಿ ಒಡೆದು ಬಂತು. "ನನ್ ಹಡಗು ಪುಡಿಪುಡಿ ಆದ್ಮೇಲೆ ತಪ್ಪಾಯ್ತಾ? ಅವತ್ತು ಮೈಕ್ ಕೆಟ್ಟೇ ಇದ್ದಿದ್ರೆ ಏನಾಗ್ತಿತ್ತು ನಿಂಗೆ?"

"ಯಾರ ಹತ್ರ ಮಾತಾಡ್ತಿದೀಯ, ನೆನಪೈತಾ?" ಎಂದರು ಟೀಚರ್.

"ಅಯ್ಯೋ, ಅಮ್ಮಾ, ನಾನು..."

"ಇರ್ಲಿ ಬುಡು" ಎಂದೆ. "ಇವತ್ತಿನ ಸರದಿ ನಿಂದೇ. ಬಾ."

ಉಳಿದಿದ್ದ ಸಣ್ಣ ಹಡಗಿನಲ್ಲಿ ಬಂದ. ಹೊಡೆದಾಟದಲ್ಲಿ ಅಷ್ಟು ಹೆಸರು ಮಾಡಿದವನಿಗೆ ಬಂಡೆಯ ಮುಂದೆ ಹಡಗು ನಿಲ್ಲಿಸಲು ಬರಲಿಲ್ಲ. ಎರಡು ಸಲ ನನಗೇ ಗುದ್ದಿದ.

"ಕಣ್ಣು ಎಲ್ಲೈತ್ಲಾ?" ಎಂದೆ.

"ನೀನು ಅಡ್ಡ ನಿಂತ್ರೆ ಇನ್ನೇನ್ ಮಾಡ್ಲಿ, ಪಕ್ಕಕ್ಕೆ ಹೋಗು ಲೇ" ಎಂದ ಅವನು.

ತಿರುಗಿ ನೋಡಿದರೆ ನಿಮ್ಮಕ್ಕ ತನ್ನ ಜಾಗದಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಚೊಂಬಿನ ಸದ್ದು ಕೇಳಿಸಿತು. ಆವತ್ತು ಅವಳು ನಿಜವಾಗಿ ಬಾಯಾರಿ ನೀರು ಕುಡಿಯುತ್ತಿದ್ದಳು.